ಮಾಲಿನಿ ಕೊಟ್ಟ ಮೊಟ್ಟೆ

"ಇಲ್ಲ… ಇಲ್ಲ… ಇಲ್ಲ!"

ಹೇಮಲತಾ ಟ್ಯಾಬಿನ ಪರದೆಯನ್ನು ಯೂನಿಫಾರಂನ ಅಂಚಿನಿಂದ ಒರೆಸಿ ಮತ್ತೆ ನೋಡಿದಳು. ಪೇಜನ್ನು ರಿಫ್ರೆಶ್ ಮಾಡಿದಳು. ಮತ್ತೆ ಅದೇ ಚಿತ್ರ. ನಿನ್ನೆ ಸಂಜೆ ನೀಲಿಯಾಗಿ ಹೊಳೆಯುತ್ತಿದ್ದ ಮೊಟ್ಟೆ ಈಗ ಬೂದಿಯ ಬಣ್ಣಕ್ಕೆ ತಿರುಗಿತ್ತು. ಚಿಪ್ಪು ಒಂದು ಕಡೆ ಒಳಕ್ಕೆ ಕುಸಿದಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಈ ಮೊಟ್ಟೆ ಸತ್ತಿದೆ.

"ಅಜ್ಜೀ, ಮೊಟ್ಟೆ ಸತ್ತೋಯ್ತು!"

ದೇವರ ಕೋಣೆಯಲ್ಲಿ ವಿಭೂತಿ ಹಚ್ಚಿಕೊಳ್ಳುತ್ತಿದ್ದ ಅಜ್ಜಿ ಶಿವಗಂಗಮ್ಮ ಬೆಚ್ಚಿಬಿದ್ದರು. "ಶಿವ ಶಿವಾ! ಪೂಜೆ ಹೊತ್ನಲ್ಲಿ ಎಂಥಾ ಮಾತಾಡ್ತೀಯೇ? ಯಾರ ಮೊಟ್ಟೇನೇ ಅದು?"

"ಮಾಲಿನೀದು ಅಜ್ಜಿ. ಟ್ಯಾಬಲ್ಲಿ."

"ಟ್ಯಾಬಲ್ಲಾ? ಹಂಗಾದ್ರೆ ಅಲ್ಲೇ ಇರ್ಲಿ. ಅಡುಗೆಮನೆ ಕಡೆ ಮಾತ್ರ ತರ್ಬೇಡ."

ಬೇರೆ ದಿನವಾಗಿದ್ದರೆ ಹೇಮಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವತ್ತು ಟ್ಯಾಬಿನಿಂದ ಕಣ್ಣನ್ನೇ ತೆಗೆಯಲಿಲ್ಲ.

ಅವರ ಕ್ಲಾಸಿನ ಮಕ್ಕಳು ಅದನ್ನು ನೆಸ್ಟ್ ಗೇಮ್ ಎಂದು ಕರೆಯುತ್ತಿದ್ದರು. ಅದರಲ್ಲಿ ಓಡುವುದಿಲ್ಲ, ಗುಂಡು ಹಾರಿಸುವುದಿಲ್ಲ. ಎರಡು ಪ್ರಾಣಿಗಳನ್ನು ಜೋಡಿ ಮಾಡಿದರೆ ಒಂದು ಮೊಟ್ಟೆ ಸಿಗುತ್ತದೆ. ಪ್ರತಿ ಮೊಟ್ಟೆಗೂ ಅದರದೇ ಒಂದು ಪೇಜು, ಒಂದು ಲಿಂಕು. ಬೇರೆಯವರು ಆ ಲಿಂಕ್ ಒತ್ತಿ ಬಂದು ನೋಡಿದಾಗೆಲ್ಲ ಮೊಟ್ಟೆಗೆ ಒಂದಿಷ್ಟು ಕಾವು ಸಿಕ್ಕಿದ ಹಾಗೆ. ಕಾವು ಸಾಲದಿದ್ದರೆ ಮೊಟ್ಟೆ ಒಡೆದು ಮರಿ ಬರುವುದಿಲ್ಲ. ಆದರೆ ಒಂದೇ ಸಲಕ್ಕೆ ತೀರಾ ಹೆಚ್ಚು ಜನ ನೋಡಿದರೂ ಕಷ್ಟ. ಕಾವು ಅತಿಯಾಗಿ ಚಿಪ್ಪು ಮೆತ್ತಗಾಗುತ್ತದೆ. ಒಳಗಿನ ಮರಿ ಸತ್ತುಹೋಗುತ್ತದೆ.

ಈ ಮೊಟ್ಟೆ ಹೇಮಾಳದಾಗಿದ್ದರೆ ಒಂದು ದಿನ ಅತ್ತು ಸುಮ್ಮನಾಗಬಹುದಿತ್ತು. ಅದು ಮಾಲಿನಿಯದು. ಸರಿಯಾಗಿ ಹೇಳಬೇಕೆಂದರೆ ಇಬ್ಬರದೂ.

ಕಳೆದ ವರ್ಷ ಸ್ಕೂಲಿನಿಂದ ಹಳೇಬೀಡಿಗೆ ಹೋಗಿದ್ದಾಗ ದೇವಸ್ಥಾನದ ಗೋಡೆಯ ಮೇಲೆ ಸಾಲಾಗಿ ಕೆತ್ತಿದ್ದ ಮಕರಗಳನ್ನು ಮೇಷ್ಟ್ರು ತೋರಿಸಿದ್ದರು. ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಬಾಲ, ಎಲ್ಲ ಸೇರಿ ಒಂದೇ ಪ್ರಾಣಿ. "ಲೇ ಹೇಮಾ, ಇದನ್ನ ಯಾರೋ ಸಖತ್ತಾಗಿ ಬ್ರೀಡ್ ಮಾಡಿದಾರೆ ಕಣೇ!" ಎಂದು ಮಾಲಿನಿ ಅಷ್ಟು ಜೋರಾಗಿ ಹೇಳಿದ್ದಕ್ಕೆ ಮೇಷ್ಟ್ರಿಗೂ ನಗು ಬಂದಿತ್ತು. ಅವತ್ತೇ ಮಾಲಿನಿ ಗೇಮಿನಲ್ಲಿದ್ದ ತನ್ನ ಪ್ರಾಣಿಗೆ ಮಕರ ಎಂದು ಹೆಸರಿಟ್ಟಳು. ಹೇಮಾಳ ಪ್ರಾಣಿಯ ಹೆಸರು ಮಿಂಚು.

ಆಮೇಲೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಮಾಲಿನಿಯ ಅಪ್ಪನಿಗೆ ಅರಸೀಕೆರೆಯಿಂದ ಬೇಲೂರಿಗೆ ವರ್ಗವಾಯಿತು. ಹೊರಡುವ ವಾರ ಗೆಳತಿಯರಿಬ್ಬರೂ ಸೇರಿ ಮಕರ ಮತ್ತು ಮಿಂಚುವನ್ನು ಜೋಡಿ ಮಾಡಿದರು. ಒಂದು ಜೋಡಿಗೆ ಒಂದೇ ಮೊಟ್ಟೆ ಎಂಬುದು ಗೇಮಿನ ನಿಯಮ. ಮೊಟ್ಟೆ ಮಾಲಿನಿಯ ಪಾಲಿಗೆ ಬಂತು. ಆದರೆ ಹೊಸ ಸ್ಕೂಲಿನ ಟೆಸ್ಟ್ ಮುಗಿಯುವವರೆಗೂ ಫೋನ್ ಮುಟ್ಟಬಾರದು ಎಂದು ಅವಳಮ್ಮ ಆರ್ಡರ್ ಹಾಕಿಬಿಟ್ಟರು. ಅದಕ್ಕೇ ಮಾಲಿನಿ ಮೊಟ್ಟೆಯನ್ನು ಹೇಮಾಳ ಅಕೌಂಟಿಗೆ ಕಳಿಸಿದಳು.

"ಒಡೆಯೋವರ್ಗೂ ನೀನೇ ನೋಡ್ಕೋಬೇಕು. ಜಾಸ್ತಿ ಜನ ಬರ್ತಿದಾರೆ ಅನ್ಸಿದ್ರೆ ಹೈಡ್ ಬಟನ್ ಒತ್ತು, ಯಾರಿಗೂ ಕಾಣ್ಸಲ್ಲ. ಮರಿಗೆ ಹೆಸರು ಮಾತ್ರ ಇಬ್ರೂ ಸೇರಿ ಇಡೋದು, ಆಯ್ತಾ?"

"ಆಯ್ತು ಕಣೇ. ಪ್ರಾಮಿಸ್."

ಈಗ ಹೇಮಾ ಪೇಜಿನ ಮೂಲೆಯಲ್ಲಿದ್ದ ಸಂಖ್ಯೆಯನ್ನು ನೋಡಿದಳು. ಎಷ್ಟು ಜನ ಬಂದು ನೋಡಿದ್ದಾರೆ ಎಂದು ಹೇಳುವ ಸಂಖ್ಯೆ ಅದು. ನಿನ್ನೆ ಸಂಜೆ ನಲವತ್ತು ಕೂಡ ದಾಟಿರಲಿಲ್ಲ. ಈಗ ಸಾವಿರದ ಮುನ್ನೂರು ಚಿಲ್ಲರೆ ಆಗಿತ್ತು.

ಯಾರೋ ಬೇಕೆಂದೇ ಮಾಡಿದ್ದಾರೆ! ಯಾರು?

ಮುಂದಿನ ಕ್ಷಣದಲ್ಲೇ ಒಂದು ಹೆಸರು ಹೊಳೆಯಿತು. ರವಿಕುಮಾರ್. ಹೋದ ವಾರ ಅವನಿಗೂ ಲಿಂಕ್ ಕೊಟ್ಟಾಗ ಇಡೀ ಕ್ಲಾಸಿನ ಎದುರಿಗೆ ಅವನು ಅಂದಿದ್ದ: "ಲಿಂಕ್ ಕೊಟ್ಯಲ್ಲ, ನೋಡ್ತಾ ಇರು, ಆಮ್ಲೆಟ್ ಮಾಡ್ತೀನಿ!"

ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ರವಿಕುಮಾರ್ ಜಗಲಿಯ ಮೇಲೆ ಕೂತು ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದ. ಹೇಮಾ ತನ್ನ ಬಾಳೆಹಣ್ಣನ್ನು ಹಿಡಿದುಕೊಂಡು ಬಂದು ಅವನೆದುರು ನಿಂತಳು.

"ನೀನೇ ಅಲ್ವೇನೋ ಕೊಂದಿದ್ದು?"

ರವಿಕುಮಾರ್ ಕೈಯಲ್ಲಿದ್ದ ಮೊಟ್ಟೆಯನ್ನು ಒಮ್ಮೆ ನೋಡಿ, ಅವಳನ್ನು ಒಮ್ಮೆ ನೋಡಿದ. "ಇದಾ? ಇದು ಮೊದ್ಲೇ ಬೆಂದಿತ್ತು ಕಣೇ."

"ತಮಾಷೆ ಬೇಡ. ಮಾಲಿನಿ ಮೊಟ್ಟೆ. ನೆಸ್ಟ್ ಗೇಮಿಂದು. ಸತ್ತೋಗಿದೆ. ನೀನೇ ತಾನೇ ಆಮ್ಲೆಟ್ ಮಾಡ್ತೀನಿ ಅಂದಿದ್ದು?"

ಅವನ ಮುಖದಿಂದ ನಗು ಇಳಿದುಹೋಯಿತು. "ಸತ್ತೋಯ್ತಾ? ಆ ನೀಲಿದಾ? ನಿಜವಾಗ್ಲೂ?"

"ಸಾವಿರದ ಮುನ್ನೂರು ಸಲ ನೋಡಿದಾರೆ. ಸುಳ್ಳು ಹೇಳ್ಬೇಡ."

"ಅಮ್ಮನಾಣೆ ನಾನು ನೋಡಿದ್ದು ಒಂದೇ ಸಲ ಕಣೇ! ಇನ್ನೊಂದ್ಸಲ ಒತ್ತಿದ್ರೂ ಅದು ಲೆಕ್ಕಕ್ಕೇ ಬರಲ್ಲ. ಒಂದು ಫೋನಿಗೆ ಒಂದೇ ಸಲ. ನಿಂಗೆ ಗೊತ್ತಿಲ್ವಾ?" ಅವನ ದನಿ ಏರಿತು. "ನಮ್ಮನೇಲಿ ಇರೋದೇ ಒಂದು ಫೋನು, ಅದೂ ಅಪ್ಪನ ಜೇಬಲ್ಲಿರುತ್ತೆ. ಸಾವಿರ ಫೋನ್ ಎಲ್ಲಿಂದ ತರ್ಲಿ? ನಾನೇನು ಮೊಬೈಲ್ ಅಂಗಡಿ ಇಟ್ಟಿದೀನಾ?"

ಅವನು ಹೇಳುವುದು ಸರಿಯಾಗಿತ್ತು. ಈ ನಿಯಮ ಹೇಮಾಳಿಗೂ ಗೊತ್ತಿತ್ತು. ಸಿಟ್ಟಿನಲ್ಲಿ ಮರೆತೇ ಹೋಗಿತ್ತು.

"ಸಾರಿ ಕಣೋ."

"ಸಾರಿ ಯಾರಿಗೆ ಬೇಕು? ಬಾಳೆಹಣ್ಣು ಕೊಡು." ಹಣ್ಣು ತಗೊಂಡ ಮೇಲೂ ಅವನು ತಿನ್ನದೆ ಯೋಚನೆ ಮಾಡುತ್ತ ಕೂತ. "ಅಲ್ಲ ಹೇಮಾ, ಅಂದ್ರೆ ಸಾವಿರ ಜನ ಬೇರೆ ಬೇರೆ ಫೋನಲ್ಲಿ ನೋಡಿದಾರೆ. ಅಷ್ಟು ಜನ ಯಾರಿಗೆ ಗೊತ್ತಿರ್ತಾರೆ?"

ಆ ಪ್ರಶ್ನೆ ಗಣಿತದ ಪೀರಿಯಡ್ಡಿನಲ್ಲೂ, ಆಟದ ಪೀರಿಯಡ್ಡಿನಲ್ಲೂ ಅವಳ ಬೆನ್ನು ಬಿಡಲಿಲ್ಲ.

ಸ್ಕೂಲು ಬಿಟ್ಟ ಮೇಲೆ ಹೇಮಾ ದಿನಾ ತಾತನ ಕೊಬ್ಬರಿ ಮಂಡಿಗೆ ಹೋಗಿ, ಅಲ್ಲಿಂದ ಅವರ ಸ್ಕೂಟರಿನಲ್ಲಿ ಮನೆಗೆ ಹೋಗುತ್ತಿದ್ದಳು. ಇವತ್ತು ಟೆಂಡರ್ ದಿನ. ಮಾರಾಟವೆಲ್ಲ ಮುಗಿದು ಮಂಡಿಯ ತುಂಬ ಹೊಸ ಕೊಬ್ಬರಿಯ ವಾಸನೆ ಉಳಿದಿತ್ತು. ಹಮಾಲಿ ತಿಮ್ಮಯ್ಯ ದಬ್ಬಳ ಹಿಡಿದು ಚೀಲದ ಬಾಯಿ ಹೊಲಿಯುತ್ತಿದ್ದ. ಅವಳನ್ನು ಕಂಡದ್ದೇ ಅವನ ಮುಖ ಅರಳಿತು.

"ಬಾ ಹೇಮವ್ವಾ! ಮರಿ ಆಯ್ತಾ?"

ಹೇಮಾಳ ಕಾಲು ನಿಂತಲ್ಲೇ ನಿಂತಿತು. "ಯಾವ ಮರಿ, ತಿಮ್ಮಯ್ಯ ಮಾಮ?"

"ಅದೇ ಕಣವ್ವ, ನಿನ್ ಮೊಟ್ಟೆ! ಯಜಮಾನ್ರು ರಾತ್ರಿ ಫೋನಿಗೆ ಹಾಕಿದ್ರಲ್ಲ. ನಾನೂ ಒತ್ತಿದೆ, ನನ್ ಹೆಂಡ್ರು ಕೈಲೂ ಒತ್ತಿಸ್ದೆ. ಬೆಳಗ್ಗೆ ಹಾಲು ಹಾಕಕ್ಕೆ ಹೋಗಿದ್ನಾ, ಡೈರಿ ತಾವ ಇದ್ದೋರ ಫೋನಿಗೆಲ್ಲ ಕಳಿಸ್ದೆ. ಒಬ್ರೂ ಇಲ್ಲ ಅನ್ಲಿಲ್ಲ!"

ಒಳಗೆ ಗಾದಿಯ ಮೇಲೆ ಕೂತಿದ್ದ ತಾತ ಗಂಗಾಧರಪ್ಪ ಕನ್ನಡಕವನ್ನು ಹಣೆಗೇರಿಸಿ ಕೈಬೀಸಿ ಕರೆದರು. "ಬಂದ್ಯಾ ಮಗಳೇ? ಬಾ ಬಾ, ಇಲ್ನೋಡು!"

ತಾತ ಫೋನನ್ನು ಅವಳ ಮುಂದೆ ಹಿಡಿದರು. ಕೊಬ್ಬರಿ ಧಾರಣೆಯ ಗ್ರೂಪು. ತೆಂಗು ಬೆಳೆಗಾರರ ಗ್ರೂಪು. ಮಠದ ಭಕ್ತರ ಗ್ರೂಪು. ಎಲ್ಲದರಲ್ಲೂ ತಾತನದೇ ಮೆಸೇಜು: 'ಇದು ನನ್ನ ಮೊಮ್ಮಗಳ ಮೊಟ್ಟೆ. ದಯವಿಟ್ಟು ಎಲ್ಲರೂ ಒಮ್ಮೆ ಒತ್ತಿ ಆಶೀರ್ವದಿಸಬೇಕಾಗಿ ವಿನಂತಿ.' ಅದರ ಕೆಳಗೆ ಕೈಮುಗಿದ ಚಿತ್ರಗಳು, ಹೂಗಳು, 'ಒತ್ತಿದೆ ಯಜಮಾನರೇ', 'ನಮ್ಮ ತಿಪಟೂರಿನವರಿಗೂ ಕಳಿಸಿದೆ', 'ಮಗುವಿಗೆ ಶುಭವಾಗಲಿ'.

"ಮಠದ ಗ್ರೂಪಲ್ಲಿ ಒಬ್ರು ಕೇಳೇಬಿಟ್ರು, ಏನು ಗಂಗಾಧರಪ್ಪನೋರೇ, ನಿಮ್ಮನೇಲಿ ಮೊಟ್ಟೆನಾ ಅಂತ. ಇದು ಕಂಪ್ಯೂಟರ್ ಮೊಟ್ಟೆ ಸ್ವಾಮಿ, ದೋಷ ಇಲ್ಲ ಅಂದೆ. ಆಮೇಲೆ ಅವರೂ ಒತ್ತಿದ್ರು!" ತಾತ ತೊಡೆ ತಟ್ಟಿಕೊಂಡು ನಕ್ಕರು. "ನೀನೇ ಹೇಳಿದ್ಯಲ್ಲ, ಎಷ್ಟು ಜನ ನೋಡಿದ್ರೆ ಅಷ್ಟು ಒಳ್ಳೇದು ಅಂತ."

ಹೇಮಾ ಹಾಗೆ ಹೇಳಿದ್ದು ನಿಜ. ಭಾನುವಾರ ತಾತ ಪಕ್ಕದಲ್ಲಿ ಕೂತು, ಇದೇನು, ಅದೇನು ಎಂದು ಒಂದೊಂದಾಗಿ ಕೇಳಿದ್ದರು. ಜಾಸ್ತಿ ಜನ ನೋಡಿದ್ರೆ ಒಳ್ಳೇದಾ ಎಂದೂ ಕೇಳಿದ್ದರು. ಅವಳು ಟಿವಿಯಿಂದ ಕಣ್ಣು ತೆಗೆಯದೆ, "ಹೂಂ ತಾತ, ಎಷ್ಟು ಜನ ನೋಡಿದ್ರೆ ಅಷ್ಟು ಒಳ್ಳೇದು. ನಿನ್ ಫ್ರೆಂಡ್ಸಿಗೂ ಕಳಿಸು" ಎಂದಿದ್ದಳು. ತಾತನ ಫ್ರೆಂಡ್ಸ್ ಎಂದರೆ ಸಂಜೆ ವಾಕಿಂಗಿಗೆ ಬರುವ ನಾಲ್ಕು ಜನ ಎಂದುಕೊಂಡಿದ್ದಳು. ನಿಯಮದ ಇನ್ನರ್ಧವನ್ನು ಹೇಳಲು ಒಂದು ನಿಮಿಷವೂ ಬೇಕಿರಲಿಲ್ಲ. ಜಾಹೀರಾತು ಮುಗಿದು ಕಾರ್ಟೂನ್ ಶುರುವಾಗಿತ್ತು.

"ಸತ್ತೋಯ್ತು ತಾತ."

ತಿಮ್ಮಯ್ಯನ ದಬ್ಬಳ ಚೀಲದಲ್ಲೇ ನಿಂತಿತು. ತಾತನ ನಗು ಅರ್ಧಕ್ಕೇ ಉಳಿಯಿತು.

"ಅಯ್ಯೋ, ಮರಿ ಆಗ್ಲಿಲ್ವಾ?" ತಿಮ್ಮಯ್ಯ ಎದ್ದು ಬಂದ. "ನಾವು ಕಮ್ಮಿ ನೋಡಿದ್ವೇನೋ ಯಜಮಾನ್ರೇ. ನಮ್ ಹುಡ್ಗ ಹಾಸನದಾಗೆ ಹಾಸ್ಟೆಲಲ್ಲವ್ನೆ. ಅವನ್ಗೂ ಒಂದ್ ಮಾತು ಹೇಳ್ಬೇಕಾಗಿತ್ತು. ಹೊಳೀನೇ ಇಲ್ಲ ನಂಗೆ."

ಹೇಮಾ ತಿಮ್ಮಯ್ಯನ ಮುಖವನ್ನೇ ನೋಡಿದಳು. ಅವನು ನಿಜವಾಗಿಯೂ ನೊಂದುಕೊಂಡಿದ್ದ. ಬೆಳಗ್ಗೆಯಿಂದ ಅವಳು ಒಬ್ಬ ಕೆಟ್ಟವನನ್ನು ಹುಡುಕುತ್ತಿದ್ದಳು. ಸಿಕ್ಕಿದರೆ ಏನೇನು ಬೈಯಬೇಕು ಎಂಬುದನ್ನೂ ಜೋಡಿಸಿ ಇಟ್ಟುಕೊಂಡಿದ್ದಳು. ಈಗ ಆ ಬೈಗುಳಗಳನ್ನು ಯಾರ ಮುಂದೆ ಹೇಳುವುದು?

"ಕಮ್ಮಿ ಅಲ್ಲ ಮಾಮ," ಅಂದಳು. "ಜಾಸ್ತಿ ಆಯ್ತು. ಒಂದೇ ಸಲ ತುಂಬಾ ಜನ ನೋಡಿದ್ರೂ ಸತ್ತೋಗುತ್ತೆ. ನಾನು ತಾತಂಗೆ ಅರ್ಧ ಮಾತ್ರ ಹೇಳಿದ್ದೆ."

ತಾತ ಹಣೆಯ ಮೇಲಿದ್ದ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಅಂದ್ರೆ… ನಾನು ಕಳಿಸಿದ್ದಕ್ಕೆ…"

"ನಾನು ಹೇಳಿದ್ದಕ್ಕೆ ತಾತ."

ಆಗಲೇ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ 'ಬೇಲೂರು ಮಧುಕುಮಾರ್' ಎಂದು ಬಂತು. ಮಾಲಿನಿಯ ಅಪ್ಪ. ತಾತ ಹೇಮಾಳ ಕಡೆ ನೋಡಿದರು. ಹೇಮಾ ಫೋನ್ ತೆಗೆದುಕೊಂಡಳು.

"ಹೇಮಾ! ಟೆಸ್ಟ್ ಮುಗೀತು ಕಣೇ! ಅಪ್ಪನ ಫೋನ್ ಕಿತ್ಕೊಂಡು ಮಾಡ್ತಿದೀನಿ. ಮರಿ ಬಂತಾ? ನಾನೊಂದು ಹೆಸರು ಯೋಚ್ನೆ ಮಾಡಿದೀನಿ, ಕೇಳು ಕೇಳು…"

"ಮಾಲಿನಿ, ಸತ್ತೋಯ್ತು ಕಣೇ."

"ಏನಂದೆ? ಹೇಗೇ?"

"ಜಾಸ್ತಿ ಜನ ನೋಡಿಬಿಟ್ರು. ನಾನು ಹೈಡ್ ಮಾಡ್ಲಿಲ್ಲ."

"ಎಷ್ಟು ಜನ?"

"ಸಾವಿರದ ಮೇಲೆ."

"ಸಾವಿರಾನಾ?" ಮಾಲಿನಿಯ ದನಿ ಸಣ್ಣಗಾಯಿತು. "ಅಷ್ಟು ಜನಕ್ಕೆ ಯಾರೇ ಕೊಟ್ಟಿದ್ದು?"

ಹೇಮಾ ತಾತನನ್ನು ನೋಡಿದಳು. ತಾತ ಕೊಬ್ಬರಿಯ ರಾಶಿಯ ಕಡೆ ನೋಡುತ್ತಿದ್ದರು.

"ನಾನೇ ಕೊಡಿ ಅಂದೆ."

ಆ ಕಡೆಯಿಂದ ಮೂಗೆಳೆದ ಸದ್ದು ಬಂತು. "ನಿಂಗೆ ಹೇಳಿದ್ನಲ್ಲ ಹೇಮಾ. ನಿಂಗೊಬ್ಬಳಿಗೇ ಹೇಳಿದ್ದೆ. ಈಗ ನಂಗೆ ಮಾತಾಡಕ್ಕೆ ಆಗಲ್ಲ." ಫೋನ್ ಕಟ್ ಆಯಿತು.

"ಇನ್ನೊಂದ್ಸಲ ಮಾಡು, ನಾನು ಮಾತಾಡ್ತೀನಿ," ತಾತ ಗಡಬಡಿಸಿ ಎದ್ದರು. "ಅವರಪ್ಪಂಗೂ ಹೇಳ್ತೀನಿ. ಒಂದೊಳ್ಳೆ ಹೂವಿನ ಚಿತ್ರ ಕಳಿಸ್ಲಾ? ನಾಳೆ ಬೆಳಗ್ಗೇನೇ ಬೇಲೂರಿಗೆ ಹೋಗ್ಬರೋಣ, ಸ್ವೀಟ್ ತಗೊಂಡು."

"ನಾನೂ ಒಂದ್ ಮಾತು ಹೇಳ್ತೀನಿ ಆ ಕೂಸಿಗೆ," ಎಂದ ತಿಮ್ಮಯ್ಯ.

ಹೇಮಾಳ ಹೆಬ್ಬೆರಳು ಆಗಲೇ ಟೈಪ್ ಮಾಡತೊಡಗಿತ್ತು. ಸಾರಿ ಸಾರಿ ಸಾರಿ ಸಾರಿ ಪ್ಲೀಸ್ ಮಾತಾಡು ಪ್ಲೀಸ್. ಅವಳು ಅದನ್ನು ಓದಿದಳು. ಬೇಲೂರಿನಲ್ಲಿ ಎಲ್ಲೋ ಒಂದು ಕೋಣೆಯಲ್ಲಿ ಮಾಲಿನಿ ಮುಖ ಮುಚ್ಚಿಕೊಂಡು ಕೂತಿರುವುದು, ಪಕ್ಕದಲ್ಲಿ ಫೋನು ಟಿಣ್ ಟಿಣ್ ಎನ್ನುತ್ತಲೇ ಇರುವುದು ಅವಳ ಕಣ್ಣಿಗೆ ಕಟ್ಟಿತು. ಅಕ್ಷರಗಳನ್ನು ಹಿಂದಿನಿಂದ ಒಂದೊಂದಾಗಿ ಅಳಿಸುತ್ತ ಬಂದಳು. ಒಂದು 'ಸಾರಿ' ಉಳಿಯಿತು. ಅದನ್ನು ಕಳಿಸಿದಳು.

"ಬೇಡ ತಾತ," ಅಂದಳು. "ಸ್ವಲ್ಪ ಹೊತ್ತು ಬಿಟ್ಬಿಡೋಣ ಅವಳನ್ನ."

ಫೋನನ್ನು ಗಾದಿಯ ಮೇಲೆ ಮಗುಚಿ ಇಟ್ಟು ತಾತನ ಪಕ್ಕ ಕೂತಳು. ತಿಮ್ಮಯ್ಯ ಚೀಲದ ಬಳಿಗೆ ಮರಳಿ ದಬ್ಬಳ ಎತ್ತಿಕೊಂಡ. ಸ್ಟೇಷನ್ನಿನ ಕಡೆಯಿಂದ ಒಂದು ರೈಲು ಕೂಗಿ ಹೊರಟಿತು.

ತಾತನ ಕೈ ತನಗೆ ತಾನೇ ಫೋನಿನ ಕಡೆಗೆ ಹೋಯಿತು. ಅರ್ಧದಲ್ಲಿ ಅವರು ಹೇಮಾಳ ಮುಖ ನೋಡಿದರು. ಆಮೇಲೆ ಮೆಲ್ಲಗೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.