ದಾಳಿಂಬೆ ಬಳ್ಳಿಯ ಐದು ಅಚ್ಚುಗಳು

ಜೂನ್ 12, ಗುರುವಾರ, ಬೆಳಿಗ್ಗೆ 7.40. ಸಾಂ-ಮಾರ್ಸೆಲಾನ್ ಠಾಣೆಯ ಬಾಗಿಲು ತೆರೆಯುತ್ತಿದ್ದಂತೆಯೇ ಕ್ಲಾರಿಸ್ ಜೂರ್ದಾನ್ ಒಳಗೆ ನುಗ್ಗಿದಳು. ಊರಿನ ಅಚ್ಚುಬಟ್ಟೆ ಕಾರ್ಖಾನೆಯ ಒಡತಿ. ಫ್ರಾನ್ಸಿನ ಈ ಪ್ರೊವಾನ್ಸ್ ಸೀಮೆಯಲ್ಲಿ ಅವಳ ಮನೆತನದ ಮೇಜುಹಾಸು ಹರಡದ ಮದುವೆಮನೆ ಕಡಿಮೆ.

"ದಾಳಿಂಬೆ ಬಳ್ಳಿ ಹೋಯ್ತು ಮೇಡಂ! ಐದೂ ಅಚ್ಚು! ಮಂಗಳವಾರ ಸಂಜೆ ಕಣ್ಣಾರೆ ನೋಡಿದ್ದೆ, ನಿನ್ನೆ ರಜೆ."

ಇನ್ಸ್‌ಪೆಕ್ಟರ್ ಒನೊರಿನ್ ಎಸ್ತೇವ್ ಕಾಫಿ ಬಟ್ಟಲು ಕೆಳಗಿಟ್ಟಳು. ದಾಳಿಂಬೆ ಬಳ್ಳಿಯ ಚಿತ್ತಾರ ಒತ್ತಲು ಬಣ್ಣಕ್ಕೊಂದರಂತೆ ಪಿಯರ್ ಮರದಲ್ಲಿ ಕೊರೆದ ಆ ಅಚ್ಚುಗಳಿಗೆ ಇನ್ನೂರು ವರ್ಷದ ಮೇಲಾಗಿತ್ತು. ಶುಕ್ರವಾರ ಮಧ್ಯಾಹ್ನ ಮ್ಯೂಸಿಯಂನವರು ಬಂದು ಹಣ ಕೊಟ್ಟು ಒಯ್ಯಬೇಕಿತ್ತು. ಅಚ್ಚಿಲ್ಲದಿದ್ದರೆ ಒಪ್ಪಂದವಿಲ್ಲ, ಒಪ್ಪಂದವಿಲ್ಲದಿದ್ದರೆ ಕಾರ್ಖಾನೆಗೂ ಅದರ ಆರು ಜನ ಕೆಲಸಗಾರರಿಗೂ ಬಾಗಿಲು ಮುಚ್ಚಿದಂತೆ. 8.05ಕ್ಕೆ ಎಫ್‌ಐಆರ್ ದಾಖಲಾಯಿತು.

8.30ಕ್ಕೆ ಸ್ಥಳ ಪಂಚನಾಮೆ. ಬೀಗ ಮುರಿದಿರಲಿಲ್ಲ. ಗಲ್ಲಾಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಕಾನ್‌ಸ್ಟೇಬಲ್ ತಿಬೋ ಕಪಾಟುಗಳನ್ನು ನೋಡಿ ಬರೆದುಕೊಂಡ: ಅಚ್ಚು ಬಡಿಯುವ ಸುತ್ತಿಗೆ ಇಲ್ಲ, ಬಿಳಿ ಹತ್ತಿಬಟ್ಟೆ ಒಂದು ಸುರುಳಿ ಇಲ್ಲ, ಬಣ್ಣದ ಡಬ್ಬಿಗಳು ಐದು ಇಲ್ಲ.

"ಬೀಗದ ಕೈ ಎಲ್ಲಿಡ್ತೀರಿ?"

"ಅಂಜೂರದ ಮರದ ಪೊಟರೇಲಿ."

"ಯಾರಿಗೆ ಗೊತ್ತು?"

"ಇಲ್ಲಿ ದುಡಿದೋರಿಗೆಲ್ಲ. ನಮ್ಮಜ್ಜನ ಕಾಲದಿಂದ್ಲೂ ಅಲ್ಲೇ."

"ಪೊಲೀಸರಿಗೊಬ್ರಿಗೆ ಗೊತ್ತಿರಲಿಲ್ಲ ಅನ್ನಿ," ಎಂದ ತಿಬೋ.

ಒನೊರಿನ್‌ಳ ಕಣ್ಣು ಮಿಂಚಿತು. "ಮಾರೋಕೆ ಕದ್ದೋನು ಸುತ್ತಿಗೆ ಯಾಕೆ ಒಯ್ತಾನೋ? ಇವನು ಬಟ್ಟೆ ಅಚ್ಚು ಹಾಕ್ತಿದಾನೆ. ಈಗ, ಈ ಹೊತ್ತಲ್ಲೇ!"

10.15ಕ್ಕೆ ಠಾಣೆಯಿಂದ ಫೋನು. ಕರ್ಬೂಜ ಬೆಳೆಯುವ ಓಗುಸ್ತ್ ಕಿರುಚಾಡುತ್ತಿದ್ದನಂತೆ: "ಕಾಲುವೇಲಿ ರಕ್ತ ಹರೀತಿದೆ! ಮೇಲ್ಗಡೆ ಯಾರನ್ನೋ ಕೊಂದವ್ರೆ!"

"ಕೊಲೆ!" ತಿಬೋ ಟೋಪಿ ಎತ್ತಿಕೊಂಡ.

"ಕೊಲೆ ಅಲ್ಲ ಕಣೋ, ಬಣ್ಣ! ಅಚ್ಚು ತೊಳೀತಿದಾನೆ. ಗಾಡಿ ತೆಗಿ!"

ಕಾಲುವೆಯ ದಂಡೆಯ ಮೇಲೆ ಜೀಪು ಎದ್ದುಬಿದ್ದು ಓಡಿತು. ಮೊದಲ ತೂಬಿನ ಬಳಿ ನೀರು ತಿಳಿಗುಲಾಬಿ. ಎರಡನೆಯದರಲ್ಲಿ ಕಡುಗೆಂಪು. ಮೂರನೆಯದರ ಹತ್ತಿರ ಕಾಲುವೆ ಎರಡಾಗಿ ಕವಲೊಡೆದಿತ್ತು. ಒನೊರಿನ್ ಜಿಗಿದು ಎಡಗವಲಿಗೆ ಕೈ ಅದ್ದಿದಳು: ತಿಳಿನೀರು. ಬಲಗವಲಿಗೆ ಅದ್ದಿದಳು, ಉಗುರ ಸಂದೆಲ್ಲ ಕೆಂಪಾಯಿತು.

"ಬಲಕ್ಕೆ! ಓಡು!"

ಸೈಪ್ರಸ್ ಮರಗಳ ಸಾಲು ದಾಟಿದರೆ ಪಾಳುಬಿದ್ದ ರೇಷ್ಮೆಹುಳುವಿನ ಮನೆ. ಒಳಗಿನಿಂದ ಸದ್ದು: ಟಪ್. ಮತ್ತೆ ಟಪ್. ಇಬ್ಬರೂ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಸದ್ದು ನಿಂತಿತು. ಒನೊರಿನ್ ಬಾಗಿಲು ತಳ್ಳಿದಳು.

ಉದ್ದನೆಯ ಹಲಗೆಯ ಮೇಲೆ ಹನ್ನೆರಡು ಮಂದಿ ಕೂತು ಉಣ್ಣಬಹುದಾದ ಮೇಜುಹಾಸು ಹರಡಿತ್ತು. ಕಪ್ಪು ಗೆರೆಯ ಬಳ್ಳಿ, ಹಸಿರೆಲೆ, ಹಳದಿ ಮೊಗ್ಗು, ನೀಲಿ ಹಕ್ಕಿ. ಕೆಂಪು ದಾಳಿಂಬೆಗಳಿನ್ನೂ ಹಸಿಯಾಗಿ ಹೊಳೆಯುತ್ತಿದ್ದವು. ಸುತ್ತಿಗೆ ಹಿಡಿದು ನಿಂತಿದ್ದವನು ಫೆಲಿಸಿಯಾನ್ ಅರ್ನೂ, ಎಪ್ಪತ್ನಾಲ್ಕು ವರ್ಷ, ಅದೇ ಕಾರ್ಖಾನೆಯಲ್ಲಿ ನಲವತ್ತೊಂದು ವರ್ಷ ದುಡಿದು ನಿವೃತ್ತನಾದ ಅಚ್ಚುಗಾರ.

"ಬಂದ್ರಾ? ಒಳ್ಳೇ ಹೊತ್ತಿಗೇ ಬಂದ್ರಿ. ಈಗಷ್ಟೇ ಮುಗೀತು," ಎಂದ ಅವನು. "ತುದಿ ಮುಟ್ಟಬೇಡ್ರೋ, ಒಣಗಿಲ್ಲ!"

ಐದು ಅಚ್ಚುಗಳೂ ಹಳೆಯ ಕಂಬಳಿಯ ಮೇಲೆ ಸಾಲಾಗಿದ್ದವು. ಒಂದರಲ್ಲೂ ಗೀರಿರಲಿಲ್ಲ. 11.20ಕ್ಕೆ ಬಂಧನ. ಒನೊರಿನ್ ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಬರೆಯುವಾಗ ತಿಬೋ, ಬಟ್ಟೆ ಒಣಗುವವರೆಗೂ ಅದರ ಎರಡು ಮೂಲೆ ಹಿಡಿದು ನಿಲ್ಲಬೇಕಾಯಿತು. ಸಂಜೆಯೊಳಗೆ ಅಚ್ಚುಗಳು ಕ್ಲಾರಿಸ್‌ಳ ಕಪಾಟು ಸೇರಿದವು.

ಹೇಳಿಕೆ ದಾಖಲಿಸಿದ್ದು ಮಧ್ಯಾಹ್ನ 2ಕ್ಕೆ.

"ಯಾಕೆ ಕದ್ದೆ ಅಜ್ಜ?"

"ನಾಳೆ ಹಿಂದಕ್ಕೆ ಇಡ್ತಿದ್ದೆ. ಮ್ಯೂಸಿಯಂಗೆ ಹೋದ್ಮೇಲೆ ಗಾಜಿನ ಹಿಂದೆ, ಯಾರೂ ಮುಟ್ಟೋ ಹಾಗಿಲ್ಲ."

"ನಲವತ್ತೊಂದು ವರ್ಷ ಮುಟ್ಟಿದೀಯಲ್ಲ, ಸಾಲ್ದಾ?"

"ನಲವತ್ತೊಂದು ವರ್ಷ ಕೆಂಪೊಂದನ್ನೇ ಒತ್ತಿದೆ ತಾಯಿ. ನಮ್ಮಲ್ಲಿ ಒಬ್ಬನಿಗೆ ಒಂದೇ ಬಣ್ಣ. ಕಪ್ಪು ಅವನದು, ಹಸಿರು ಇವನದು. ಒಂದು ಬಟ್ಟೇನ ಶುರುವಿಂದ ಕೊನೇವರೆಗೆ ನಾನೇ ಮಾಡಿದೆ ಅನ್ನೋ ದಿನ ಬರ್ಲೇ ಇಲ್ಲ."

ತಿಬೋ ಅಷ್ಟನ್ನೂ ಬರೆದುಕೊಂಡ. ಒನೊರಿನ್ ನಮೂನೆಯ ಕಡೆಯ ಪ್ರಶ್ನೆ ಓದಿದಳು. "ಮಾಡಿದ್ದಕ್ಕೆ ಪಶ್ಚಾತ್ತಾಪ ಇದೆಯಾ?"

ಮುದುಕ ಬೆರಳಿನ ನೀಲಿ ಕಲೆ ಉಜ್ಜಿಕೊಂಡ.

"ಮೂರನೇ ಹಕ್ಕೀಲಿ ನೀಲಿ ಬಣ್ಣ ಗೆರೆ ಬಿಟ್ಟು ಒಂದೆಳೆ ಆಚೆ ಜಾರಿದೆ," ಎಂದ. "ಅದಕ್ಕೆ ಇದೆ. ಬರ್ಕೊಳ್ಳಿ."