ಹಿಂಬದಿ ಹೊಟ್ಟೆಯ ಎಂಟು ಪೆಟ್ಟಿಗೆ

ಕಬ್ಬಿಣದ ಸರಳು ನನ್ನ ಕಿವಿ ಸವರಿಕೊಂಡು ಹೋಗಿ ಗೋಡೆಗೆ ಬಡಿಯಿತು.

ಠಣ್!

ಗಾರೆ ಉದುರಿ ಕಣ್ಣಿಗೆ ಬಿತ್ತು.

“ಇನ್ನೊಂದು ಹೆಜ್ಜೆ ಇಟ್ರೆ ತಲೆ ಎರಡು ಹೋಳು!” ಎಂದ ಮೇಸ್ತ್ರಿ.

ವಿಮಾನಕ್ಕೆ ಲಗೇಜ್ ತುಂಬುವ ಲೋಡರ್‌ಗಳ ಮುಖ್ಯಸ್ಥ ಅವನು. ಬಾಗಿಲಿನಷ್ಟು ಅಗಲ. ನಾನು ಅದೇ ಏರ್‌ಲೈನ್‌ನಲ್ಲಿ ಕಳವು ಹಿಡಿಯುವವನು. ಲೋಡರ್‌ಗಳ ಬಾಯಲ್ಲಿ ‘ಪೆಟ್ಟಿಗೆ ಪೊಲೀಸ್’. ಹದಿನೆಂಟು ವರ್ಷದ ಸರ್ವೀಸಿನಲ್ಲಿ ಎರಡು ಸಲ ಚಾಕು ತಿಂದಿದ್ದೇನೆ. ಹೆದರಿದವನಲ್ಲ.

ಅವತ್ತು ಹೆದರಿದೆ. ಸರಳಿಗಲ್ಲ... ಅದಕ್ಕೆ ಮುಂಚೆ ಅವನಾಡಿದ ಒಂದು ಮಾತಿಗೆ.

ಕೇಳಿ. ಬೆಳಿಗ್ಗೆ ಆರೂವರೆಗೆ ನಮ್ಮ ಕಂಪ್ಯೂಟರ್‌ಗಳೆಲ್ಲ ಒಟ್ಟಿಗೆ ಕಣ್ಣು ಮುಚ್ಚಿದ್ದವು. ರಜೆಯ ಮೊದಲ ದಿನ! ಮೇಲಿನ ಹಾಲ್‌ನಲ್ಲಿ ಎಳ್ಳು ಹಾಕಿದರೂ ನೆಲಕ್ಕೆ ಬೀಳದಷ್ಟು ಜನ. ಸೂಟ್‌ಕೇಸಿನ ಮೇಲೆ ಮಲಗಿದ ಮಕ್ಕಳು, ಕೌಂಟರ್ ಗುದ್ದುವ ಗಂಡಸರು, ಹೊಸದಾಗಿ ಮದುವೆಯಾದ ಜೋಡಿಯ ಮೊದಲ ಜಗಳ. ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದು ಕೊಡುತ್ತಿದ್ದರು.

ಆ ನೂಕುನುಗ್ಗಲಿನಲ್ಲಿ ನನ್ನ ಅಕ್ಕನೂ ಇದ್ದಳು. ಎರಡು ಮಕ್ಕಳೊಂದಿಗೆ.

“ಏನಾದ್ರೂ ಮಾಡೋ. ಇವು ಸಮುದ್ರ ನೋಡ್ಬೇಕು ಅಂತ ಮೂರು ದಿನದಿಂದ ನಿದ್ದೆ ಮಾಡಿಲ್ಲ!”

ಮಾಡಿದೆ. ಅವರಿವರ ಕೈಕಾಲು ಹಿಡಿದು, ಕ್ಯೂ ಮುರಿದು, ಹತ್ತೂವರೆಯ ವಿಮಾನಕ್ಕೆ ನಾನೇ ಹತ್ತಿಸಿದೆ. ಕೈಯಾರೆ!

ಆಮೇಲೆ ನೆಲಮಾಳಿಗೆಯ ಗೋದಾಮಿಗೆ ಇಳಿದೆ. ಎರಡು ತಿಂಗಳಿಂದ ವರ್ಕ್‌ಶಾಪಿನ ಎಂಜಿನ್ ಭಾಗಗಳು ಕಳುವಾಗುತ್ತಿದ್ದವು. ಮೂಲೆಯ ಟಾರ್ಪಾಲಿನಡಿ ಎಂಟು ಪೆಟ್ಟಿಗೆ ಬಚ್ಚಿಟ್ಟಿದ್ದನ್ನು ಹಿಂದಿನ ದಿನವಷ್ಟೇ ಪತ್ತೆ ಹಚ್ಚಿದ್ದೆ. ಒಂದೊಂದೂ ಮುನ್ನೂರು ಕೆಜಿ. ಕಳ್ಳ ಬರಲಿ ಎಂದು ಬಿಟ್ಟಿದ್ದೆ. ನನ್ನ ಅತಿಬುದ್ಧಿ!

ಹೋಗಿ ನೋಡಿದರೆ ಪೆಟ್ಟಿಗೆಗಳಿಲ್ಲ. ಮೇಸ್ತ್ರಿ ನಿಧಾನವಾಗಿ ಟಾರ್ಪಾಲು ಮಡಚುತ್ತಿದ್ದ.

“ಎಲ್ಲಿ ಪೆಟ್ಟಿಗೆ?”

“ಕಂಪ್ಯೂಟರ್ ಇದ್ದಿದ್ರೆ ತೂಕ ಕೇಳ್ತಿತ್ತು. ಇವತ್ತು ಕೇಳೋರು ಯಾರು? ಹತ್ತೂವರೆ ವಿಮಾನದ ಹಿಂಬದಿ ಹೊಟ್ಟೇಲಿವೆ. ಹೋಗಿ ತಗೋ!”

ಈ ಮಾತಿಗೇ ನನ್ನ ಕೈಕಾಲು ತಣ್ಣಗಾದದ್ದು. ಬಾಗಿಲ ಕಡೆ ತಿರುಗಿದೆ. ಆಗ ಸರಳು ಬೀಸಿದ.

ಎರಡನೇ ಸಲ ಎತ್ತುವಷ್ಟರಲ್ಲಿ ಪಕ್ಕದಲ್ಲಿದ್ದ ಟ್ರಾಲಿಯನ್ನು ಒದ್ದೆ. ಅದು ನೇರ ಅವನ ಮೊಣಕಾಲಿಗೆ.

ಓಡಿದೆ!

ಮೆಟ್ಟಿಲ ಪಕ್ಕದ ಕೋಣೆಯಲ್ಲಿ ತೂಕದ ಮೇಡಂ ಕೂತಿದ್ದರು. ವಿಮಾನದಲ್ಲಿ ಎಲ್ಲಿ ಎಷ್ಟು ಭಾರ ಇರಬೇಕೆಂದು ನೋಡುವವರು. ಅವತ್ತು ಕೈಯಲ್ಲಿ ಪೆನ್ಸಿಲು, ಸ್ಕೇಲು.

“ಹತ್ತೂವರೆ ವಿಮಾನದ ಹಿಂಬದಿಗೆ ಇನ್ನೂ ಎರಡೂವರೆ ಟನ್ ತುಂಬಿದ್ರೆ ಏನಾಗತ್ತೆ?”

ಪೆನ್ಸಿಲ್ ನಿಂತಿತು.

“ಈಗ್ಲೇ ಹಿಂದೆ ಭಾರ ಜಾಸ್ತಿ ಇದೆ. ಮೇಲೇಳುವಾಗ ಮೂಗು ಆಕಾಶಕ್ಕೆ ಎದ್ದುಬಿಡತ್ತೆ...”

“ಆಮೇಲೆ?”

“ಬಗ್ಗಿಸೋಕಾಗಲ್ಲ. ಬೀಳತ್ತೆ.”

“ಒಳಗೆ ಎಷ್ಟು ಜನ?”

“ನೂರ ಅರವತ್ತೆರಡು.” ಅವರ ತುಟಿ ಬಿಳಿಚಿಕೊಂಡಿತ್ತು. “ನಲವತ್ತು ಮಕ್ಕಳು...”

ಕಂಟ್ರೋಲ್ ಟವರ್‌ಗೆ ಫೋನ್ ಮಾಡಿದರು. ಸತ್ತಿತ್ತು. ಫೋನೂ ಅದೇ ಸಿಸ್ಟಮ್ಮಿನದು! ವಾಕಿಟಾಕಿಯಲ್ಲಿ ನಲವತ್ತು ಜನ ಒಟ್ಟಿಗೆ ಅರಚುತ್ತಿದ್ದರು. ಅಕ್ಕನ ಮೊಬೈಲ್ ಸ್ವಿಚ್ ಆಫ್.

“ನೀವು ಟವರ್‌ಗೆ ಓಡಿ! ನಾನು ವಿಮಾನದ ಹತ್ರ ಹೋಗ್ತೀನಿ!”

ಹೊರಗೆ ಕಣ್ಣು ಕುಕ್ಕುವ ಬಿಸಿಲು. ವಿಮಾನ ಆಗಲೇ ಗೇಟು ಬಿಟ್ಟಿತ್ತು! ನಿಧಾನವಾಗಿ ರನ್‌ವೇ ಕಡೆ ಹೊರಳುತ್ತಿತ್ತು.

ಲಗೇಜ್ ಟ್ರ್ಯಾಕ್ಟರ್ ಒಂದು ನಿಂತಿತ್ತು. ಬಾಲಕ್ಕೆ ಮೂರು ಟ್ರಾಲಿ. ಕೀಲಿ ಅದರಲ್ಲೇ. ಹತ್ತಿ ಆಕ್ಸಿಲರೇಟರ್ ಒತ್ತಿದೆ.

ಹಿಂದೆ ಧಡ್ ಎಂದು ಸದ್ದಾಯಿತು. ಕೊನೆಯ ಟ್ರಾಲಿಗೆ ಮೇಸ್ತ್ರಿ ಹಾರಿದ್ದ!

ಸೂಟ್‌ಕೇಸುಗಳನ್ನು ತುಳಿಯುತ್ತ, ಕುಂಟುತ್ತಲೇ ಒಂದೊಂದೇ ಟ್ರಾಲಿ ದಾಟಿ ಬಂದ.

“ಬಿಡೋ! ಹಾರಿ ಹೋಗ್ಲಿ! ಏನೂ ಆಗಲ್ಲ!”

“ನನ್ನ ಅಕ್ಕ ಇದ್ದಾಳೋ ಅದ್ರಲ್ಲಿ!”

ಒಂದು ಗಳಿಗೆ ಅವನ ಮುಖ ಬಾಡಿತು. ಒಂದೇ ಗಳಿಗೆ. ಆಮೇಲೆ ಸರಳು ನನ್ನ ಭುಜಕ್ಕೆ ಇಳಿಯಿತು.

ಎಡಗೈ ಜೋತುಬಿತ್ತು. ಬಲಗೈಯಲ್ಲಿ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದೆ. ಟ್ರಾಲಿಗಳು ಚಾಟಿಯಂತೆ ಬೀಸಿ, ಕೊಂಡಿ ಕಳಚಿ, ಮಗುಚಿದವು. ಮೇಸ್ತ್ರಿ ಯಾರದೋ ಈಜುಡುಗೆಗಳ ನಡುವೆ ಉರುಳಿಬಿದ್ದ.

ನಾನು ವಿಮಾನದ ಮೂಗಿನ ಮುಂದೆ ಹೋಗಿ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿದೆ. ಕೆಳಗೆ ಧುಮುಕಿದೆ. ಮುರಿದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ತಲೆಯ ಮೇಲೆ ಅಡ್ಡ ಹಿಡಿದೆ. ನಿಲ್ಲು!

ನಿಲ್ಲಲಿಲ್ಲ.

ಎಂಜಿನ್ನಿನ ಕೂಗು ಎದೆಯೊಳಗೆ ನುಗ್ಗಿತು. ಚಕ್ರ ಉರುಳುತ್ತ ಬಂತು. ಕಿಟಕಿಗಳ ಸಾಲು ಕಂಡಿತು. ಯಾವ ಕಿಟಕಿಯಲ್ಲಿ ಮಕ್ಕಳು? ನಾಚಿಕೆ ಬಿಟ್ಟು ಹೇಳುತ್ತೇನೆ... ನನ್ನ ಪ್ಯಾಂಟು ಒದ್ದೆಯಾಗಿತ್ತು.

ಕಿರ್‌ರ್‌ರ್!

ಹನ್ನೆರಡು ಹೆಜ್ಜೆ ದೂರದಲ್ಲಿ ಚಕ್ರ ನಿಂತಿತು.

ಸೆಕ್ಯೂರಿಟಿಯವರು ಬಂದು ನನ್ನನ್ನು ಕಾಂಕ್ರೀಟಿಗೆ ಅದುಮಿದರು. ಬೆನ್ನ ಮೇಲೆ ಮಂಡಿ. ನಾನು ಅರಚುತ್ತಲೇ ಇದ್ದೆ: “ಹಿಂದಿನ ಬಾಗಿಲು ತೆಗೀರಿ! ಹಿಂದಿನ ಬಾಗಿಲು!” ಅಷ್ಟರಲ್ಲಿ ತೂಕದ ಮೇಡಂ ಟವರ್ ಕಡೆಯಿಂದ ಬಂದರು. ಬರಿಗಾಲಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು.

ಅವರು ಹೇಳಿದ ಮೇಲೆ ಬಾಗಿಲು ತೆಗೆದರು. ಎಂಟು ಪೆಟ್ಟಿಗೆ!

ಕ್ಯಾಪ್ಟನ್ ಒಂದನ್ನು ತಳ್ಳಿ ನೋಡಿದ. ಅಲುಗಲಿಲ್ಲ. ಟೋಪಿ ತೆಗೆದು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಮೇಸ್ತ್ರಿಯನ್ನು ಅವನ ಲೋಡರ್‌ಗಳೇ ಹಿಡಿದು ಒಪ್ಪಿಸಿದರು.

ಪ್ರಯಾಣಿಕರನ್ನು ಇಳಿಸಿದರು. ಒಬ್ಬ ನನ್ನ ಮುಖಕ್ಕೇ ಬೆರಳು ಚುಚ್ಚುವಂತೆ ಬಂದ. “ನಮ್ಮ ರಜೆ ಹಾಳು ಮಾಡಿದ್ಯಲ್ಲ! ಹೋಟೆಲ್ ರೂಮಿನ ಗತಿ ಏನು?”

ಅಕ್ಕ ಬೈಯಲಿಲ್ಲ. ಮೇಡಂ ಅವಳಿಗೆ ಎಲ್ಲ ಹೇಳಿದ್ದರು. ಎರಡೂ ಮಕ್ಕಳನ್ನು ಒಂದೇ ಕೈಯಲ್ಲಿ ಬಾಚಿಕೊಂಡು, ಇನ್ನೊಂದರಲ್ಲಿ ನನ್ನ ಅಂಗಿತೋಳು ಹಿಡಿದಳು. ಡಾಕ್ಟರ್ ಪ್ಲಾಸ್ಟರ್ ಹಾಕುವಾಗಲೂ ಬಿಡಲಿಲ್ಲ.

ಸಂಜೆ ನಾಲ್ಕಕ್ಕೆ ಕಂಪ್ಯೂಟರ್‌ಗಳು ಎದ್ದು ಕೂತವು. ಅಕ್ಕನ ಫೋನಿಗೆ ಮೆಸೇಜ್ ಬಂತು. ಓದಿ, ನನ್ನ ಕೈಗೆ ಕೊಟ್ಟಳು.

‘ನಿಮ್ಮ ವಿಮಾನ ಸರಿಯಾದ ಸಮಯಕ್ಕೆ ಹೊರಟು ಸುರಕ್ಷಿತವಾಗಿ ತಲುಪಿದೆ. ನಮ್ಮ ಸೇವೆಗೆ ಐದಕ್ಕೆ ಎಷ್ಟು ಅಂಕ ಕೊಡುವಿರಿ?’