ಬೋರ್ಡಿನ ಮೇಲೆ ಐದೂ ಐವತ್ತೈದು

ಸೊನ್ನೆ ತುದಿಗಾಲಲ್ಲಿ ನಿಂತು ಚಾಕ್‌ಪೀಸನ್ನು ಬೋರ್ಡಿಗೆ ಒತ್ತಿದಳು. ಒಂಬತ್ತನೇ ನಂಬರಿನ ಮುಂದೆ ಜಾಗ ಇನ್ನೂ ಖಾಲಿಯಿತ್ತು. ಮೇಲಿನ ಗೋಡೆ ಗಡಿಯಾರ ಆರೂ ಹತ್ತು ತೋರಿಸುತ್ತಿತ್ತು. ಅವಳು ಒಮ್ಮೆ ಹಿಂದೆ ತಿರುಗಿ ನೋಡಿದಳು. ಅಕ್ಕ ಗೇಟಿನ ಹತ್ತಿರ ಸೈಕಲ್ಲಿಗೆ ಬೀಗ ಹಾಕುತ್ತಿದ್ದಳು. ಸೊನ್ನೆ ಬೇಗಬೇಗ ಬರೆದುಬಿಟ್ಟಳು: 5:55.

ತಡವಾದದ್ದು ತನ್ನಿಂದಲೇ ಅಲ್ಲವೇ? ಅರ್ಧ ದಾರಿಗೆ ಬಂದಮೇಲೆ ಡ್ರಾಯಿಂಗ್ ಬುಕ್ ಮರೆತೆ ಎಂದು ರಾಗ ಎಳೆದವಳು ಅವಳು. ಬೈದುಕೊಳ್ಳುತ್ತಲೇ ಮನೆಯ ಕಡೆ ಸೈಕಲ್ ತಿರುಗಿಸಿದವಳು ಅಕ್ಕ. ಹೀಗಿರುವಾಗ ಅಕ್ಕನಿಗೆ ಇಷ್ಟಾದರೂ ಮಾಡದಿದ್ದರೆ ಹೇಗೆ ಎನಿಸಿತು ಸೊನ್ನೆಗೆ.

ಸೊನ್ನೆ ಎಂಬುದು ಅವಳ ನಿಜವಾದ ಹೆಸರಲ್ಲ. ಕಾಲೇಜಿನ ಹುಡುಗಿಯರ ಫುಟ್‌ಬಾಲ್ ಟೀಮಿನಲ್ಲಿ ಎಲ್ಲರನ್ನೂ ಜರ್ಸಿಯ ನಂಬರಿನಿಂದಲೇ ಕರೆಯುವುದು ರೂಢಿ. ಅಕ್ಕ ಒಂಬತ್ತು. ಬೆಳಗ್ಗೆ ಅಕ್ಕನ ಜೊತೆ ಮೈದಾನಕ್ಕೆ ಬಂದು, ಅಲ್ಲಿಂದಲೇ ಸ್ಕೂಲಿಗೆ ಹೋಗುವ ಪುಟ್ಟ ತಂಗಿಗೆ ಜರ್ಸಿಯೂ ಇಲ್ಲ, ನಂಬರೂ ಇಲ್ಲ. ಹಾಗಾಗಿ ಅವಳು ಸೊನ್ನೆ. ಆ ಹೆಸರು ಮನೆಯಲ್ಲೂ ನಿಂತುಬಿಟ್ಟಿತ್ತು.

ಟೀಮಿನ ಕೋಚ್ ಬೇರೆ ಯಾರೂ ಅಲ್ಲ, ಅವರ ಅಮ್ಮ. ಮೈದಾನದಲ್ಲಿ ಅಕ್ಕ ಕೂಡ ಅಮ್ಮನನ್ನು ಮೇಡಂ ಎಂದೇ ಕರೆಯಬೇಕು. ಮೇಡಂ ಹಾಜರಿ ಕೂಗುತ್ತಿರಲಿಲ್ಲ. ಬಂದವರು ತಾವು ಬಂದ ಸಮಯವನ್ನು ತಾವೇ ಬೋರ್ಡಿನ ಮೇಲೆ ಆ ದಿನದ ಸಾಲಿನಲ್ಲಿ ಬರೆಯಬೇಕು. ಅದು ಸರಿಯೋ ತಪ್ಪೋ ಎಂದು ಯಾರೂ ನೋಡುವುದಿಲ್ಲ. ಎಲ್ಲರಿಗಿಂತ ಮೇಲೆ ಮೇಡಂ ತಮ್ಮದನ್ನೂ ಬರೆದಿರುತ್ತಿದ್ದರು. ಇವತ್ತಿನದು 5:20. ಮ್ಯಾಚ್ ಇರುವ ವಾರದಲ್ಲಿ ಆರು ಗಂಟೆ ದಾಟಿ ಬಂದವರು ಫಸ್ಟ್ ಹಾಫ್ ಆಡುವ ಹಾಗಿಲ್ಲ. ಬೈಗುಳವಿಲ್ಲ, ಬಸ್ಕಿಯಿಲ್ಲ. ಇಷ್ಟೇ ನಿಯಮ.

ದೂರದ ಗೋಲ್‌ಪೋಸ್ಟಿಗೆ ನೆಟ್ ಕಟ್ಟಿ ಮುಗಿಸಿದ ಅಮ್ಮ ಆರೂಕಾಲಿಗೆ ಬಂದರು. ಬೋರ್ಡನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು.

“ನಾಲ್ಕು. ಆರೂ ಮೂರು.”

“ಹೌದು ಮೇಡಂ. ಬಸ್ ತಪ್ಪಿಹೋಯ್ತು.”

“ಶನಿವಾರ ಫಸ್ಟ್ ಹಾಫ್ ಹೊರಗೆ.”

“ಸರಿ ಮೇಡಂ.”

ನಾಲ್ಕನೇ ನಂಬರಿನವಳು ಟೀಮಿನಲ್ಲೇ ಎತ್ತರದ ಹುಡುಗಿ. ಸೊನ್ನೆ ಅವಳನ್ನು ಜಿರಾಫೆ ಅಕ್ಕ ಎನ್ನುತ್ತಿದ್ದಳು. ಅವಳ ಆಟ ನೋಡಲು ಅಪ್ಪ ಅಮ್ಮ ದೂರದೂರಿನಿಂದ ಇದೇ ಮೊದಲ ಸಲ ಬರುವವರಿದ್ದರು. ಒಂದು ವಾರದಿಂದ ಅವಳ ಬಾಯಲ್ಲಿ ಅದೇ ಮಾತು. ಈಗ ಜಿರಾಫೆ ಅಕ್ಕ ಬೋರ್ಡಿನ ಮೇಲಿದ್ದ ಒಂಬತ್ತನೇ ನಂಬರನ್ನು ನೋಡಿದಳು. ಆಮೇಲೆ ತನಗಿಂತ ತಡವಾಗಿ ಬಂದಿದ್ದ ಅಕ್ಕನನ್ನು ನೋಡಿದಳು. ಕೊನೆಗೆ ಸೊನ್ನೆಯನ್ನು. ಬಾಗಿ, ನೆಲದ ಮೇಲಿನ ಕೋನ್‌ಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋದಳು.

ಸೊನ್ನೆ ಬೆರಳಿಗೆ ಅಂಟಿದ್ದ ಚಾಕಿನ ಪುಡಿಯನ್ನು ಯೂನಿಫಾರ್ಮಿಗೆ ಒರೆಸಿಕೊಂಡಳು.

ಅಕ್ಕನೂ ಬೋರ್ಡು ಓದಿದ್ದಳು. ಕೂತು ಬೂಟಿನ ಲೇಸ್ ಕಟ್ಟತೊಡಗಿದಳು. ಅದು ಆಗಲೇ ಕಟ್ಟಿಯಾಗಿತ್ತು.

ಅಂದು ಸ್ಕೂಲಿನಲ್ಲಿ ಸೊನ್ನೆ ಏಳನ್ನು ಎಂಟರಿಂದ ಗುಣಿಸಿ ಐವತ್ತೈದು ಎಂದಳು. ಟೀಚರ್ ಅವಳ ಹಣೆ ಮುಟ್ಟಿ, ಜ್ವರವೇನಾದರೂ ಇದೆಯೇ ಎಂದು ಕೇಳಿದರು.

ಸಂಜೆ ಅಕ್ಕ ಬೂಟು ಉಜ್ಜುತ್ತಿದ್ದಾಗ ಸೊನ್ನೆ ಪಕ್ಕದಲ್ಲಿ ಹೋಗಿ ಕೂತಳು. ಅಮ್ಮನಿಗೆ ಹೇಳಿಬಿಡೋಣವೇ ಎಂದು ಮೆಲ್ಲಗೆ ಕೇಳಿದಳು. ಅಕ್ಕ ಬ್ರಷ್ ನಿಲ್ಲಿಸಲಿಲ್ಲ. ಶನಿವಾರ ಯೂನಿವರ್ಸಿಟಿ ಟೀಮಿಗೆ ಆರಿಸುವ ಸೆಲೆಕ್ಟರ್ ಬರುತ್ತಾರೆ, ಇಂಥ ಅವಕಾಶ ಮತ್ತೆ ಯಾವಾಗಲೋ, ಅದು ಮುಗಿಯಲಿ ಎಂದಳು.

“ಬರಿ ಅಂತ ನಾನು ಹೇಳಿದ್ನಾ?” ಎಂದು ಕೊನೆಗೆ ಸಿಡುಕಿದಳು.

“ಇಲ್ಲ. ಆದ್ರೆ ನೀನು ಅಳಿಸ್ಬಹುದಿತ್ತಲ್ಲ.”

ಅಕ್ಕನ ಮುಖ ಸಣ್ಣಗಾಯಿತು. ಗೋಡೆಯ ಕಡೆ ತಿರುಗಿ ಕೂತಳು. ಹಾಸಿಗೆಯಲ್ಲಿ ಸೊನ್ನೆ ಎಷ್ಟು ಹೊರಳಿದರೂ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಪಕ್ಕದ ಮಂಚದಲ್ಲಿ ಅಕ್ಕನೂ ಹೊರಳುವುದು ಕೇಳಿಸುತ್ತಿತ್ತು.

ಮರುದಿನ ಗುರುವಾರ. ಪ್ರಾಕ್ಟೀಸ್ ಮುಗಿದಾಗ ಜಿರಾಫೆ ಅಕ್ಕ ದಿನದಂತೆ ಸೊನ್ನೆಯನ್ನು ಹೆಗಲ ಮೇಲೆ ಕೂರಿಸಿಕೊಂಡು ಗೋಲ್‌ಪೋಸ್ಟಿನ ಅಡ್ಡಕಂಬ ಮುಟ್ಟಿಸಲು ಕರೆದೊಯ್ದಳು. ಬೇಡ ಎಂದರೂ ಬಿಡಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮೇಲೆ ಕೂತಾಗ ಮುಖ ಕಾಣುವುದಿಲ್ಲವಾದ್ದರಿಂದ ಸೊನ್ನೆಗೆ ಕೇಳುವ ಧೈರ್ಯ ಬಂತು.

“ಜಿರಾಫೆ ಅಕ್ಕಾ, ನಿಂಗೆ ಗೊತ್ತಿತ್ತಲ್ವಾ? ಯಾಕೆ ಹೇಳ್ಲಿಲ್ಲ?”

ಜಿರಾಫೆ ಅಕ್ಕ ನಾಲ್ಕು ಹೆಜ್ಜೆ ನಡೆದು ಉತ್ತರ ಕೊಟ್ಟಳು. “ನನ್ನ ಟೈಮ್ ನಾನು ಬರೀಬೇಕು. ಅಷ್ಟೇ ನನ್ನ ಕೆಲಸ. ಬೇರೆಯವ್ರದ್ದು ಅವರು ಬರೀತಾರೆ.”

ಸೊನ್ನೆ ಅಡ್ಡಕಂಬ ಮುಟ್ಟಲೇ ಇಲ್ಲ.

ಆ ಸಂಜೆ ಅಮ್ಮ ಒಗೆದು ಒಣಗಿಸಿದ ಜರ್ಸಿಗಳನ್ನು ನಡುಮನೆಯಲ್ಲಿ ಮಡಿಸುತ್ತಿದ್ದರು. ಸೊನ್ನೆ ಎದುರು ನಿಂತಳು. ಡ್ರಾಯಿಂಗ್ ಬುಕ್ಕಿನಿಂದ ಹಿಡಿದು ಚಾಕ್‌ಪೀಸಿನವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಳು.

ಅಮ್ಮನ ಕೈ ನಿಂತಿತು. ಅವರು ಕೇಳಿದರು, “ಇದನ್ನ ನೀನು ಅಮ್ಮಂಗೆ ಹೇಳ್ತಿದ್ದೀಯೋ, ಮೇಡಂಗೆ ಹೇಳ್ತಿದ್ದೀಯೋ?”

ಸೊನ್ನೆ ಯೋಚಿಸಿದಳು. “ಅಮ್ಮಂಗೆ.”

“ಅಮ್ಮ ಕೇಳಿಸ್ಕೊಂಡ್ಳು.” ಅಮ್ಮ ಅವಳನ್ನು ಹತ್ತಿರ ಎಳೆದುಕೊಂಡು, ಕೈಯಲ್ಲಿದ್ದ ಜರ್ಸಿಯಿಂದಲೇ ಅವಳ ಮೂಗು ಒರೆಸಿದರು. “ಮೇಡಂ ನಾಳೆ ಬೆಳಗ್ಗೆ ಮೈದಾನದಲ್ಲಿ ಸಿಗ್ತಾರೆ.”

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನೀರಿನ ಲೋಟ ಹಿಡಿದು ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ.

ಶುಕ್ರವಾರ ಅವರಿಬ್ಬರೂ ಮೈದಾನ ಮುಟ್ಟಿದಾಗ ಐದೂ ನಲವತ್ತಾರು. ಟೀಮು ಬೋರ್ಡಿನ ಮುಂದೆ ಸೇರಿದಾಗ ಸೊನ್ನೆ ಮುಂದೆ ಬಂದಳು. ಹದಿನೆಂಟು ಜೊತೆ ಕಣ್ಣುಗಳು ಅವಳ ಮೇಲೆಯೇ ಇದ್ದವು.

“ಮೇಡಂ, ಬುಧವಾರ ಒಂಬತ್ತನೇ ನಂಬರ್ ಮುಂದೆ ಸುಳ್ಳು ಟೈಮ್ ಬರೆದದ್ದು ನಾನು.”

ಮೇಡಂ ಏನಾದರೂ ಹೇಳುವ ಮೊದಲೇ ಅಕ್ಕ ಸಾಲಿನಿಂದ ಹೊರಬಂದು ಅವಳ ಪಕ್ಕ ನಿಂತಳು. “ಬರೆದದ್ದು ಅವಳು. ಓದಿ ಸುಮ್ನಿದ್ದದ್ದು ನಾನು, ಮೇಡಂ.” ಡಸ್ಟರ್ ತೆಗೆದುಕೊಂಡು ಬುಧವಾರದ ಸಾಲಿನ ಐದೂ ಐವತ್ತೈದನ್ನು ಒರೆಸಿದಳು. 6:10 ಎಂದು ದೊಡ್ಡದಾಗಿ ಬರೆದಳು.

“ತಡವಾಗಿದ್ದಕ್ಕೆ ಫಸ್ಟ್ ಹಾಫ್ ಹೊರಗೆ,” ಎಂದರು ಮೇಡಂ. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. “ಸುಮ್ನಿದ್ದದ್ದಕ್ಕೆ ಸೆಕೆಂಡ್ ಹಾಫೂ ಹೊರಗೆ.”

ಅಕ್ಕ ತಲೆಯಾಡಿಸಿದಳು. ಅವಳ ಹೆಗಲು ಕೆಳಗಿಳಿದದ್ದನ್ನು ಸೊನ್ನೆ ಕಂಡಳು. ಸೋತವರ ಹೆಗಲಿನಂತೆ ಅಲ್ಲ. ತುಂಬಿದ ಸ್ಕೂಲ್ ಬ್ಯಾಗನ್ನು ಮನೆಗೆ ಬಂದು ಕೆಳಗಿಟ್ಟಾಗ ಆಗುತ್ತದಲ್ಲ, ಹಾಗೆ.

ಹಾಗಾದರೆ ಜಿರಾಫೆ ಅಕ್ಕ ಆಡಬಹುದೇ ಎಂದು ಸೊನ್ನೆ ಆಸೆಯಿಂದ ಕೇಳಿದಳು. ಅವಳು ಬಂದದ್ದು ಆರೂ ಮೂರಕ್ಕೆ, ಅದೇನೂ ಬದಲಾಗಿಲ್ಲವಲ್ಲ ಎಂದರು ಮೇಡಂ. ಹೌದು ಎಂಬಂತೆ ಜಿರಾಫೆ ಅಕ್ಕನೇ ಕತ್ತು ಅಲ್ಲಾಡಿಸಿದಳು.

“ಮತ್ತೆ ನಂಗೆ?” ಎಂದಳು ಸೊನ್ನೆ.

“ನಿಂಗೇನು, ನೀನು ಲೆಕ್ಕಕ್ಕೇ ಇಲ್ಲ,” ಎಂದು ಗೋಲ್‌ಕೀಪರ್ ಹಿಂದಿನಿಂದ ಕೀಟಲೆ ಮಾಡಿದಳು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಬೋರ್ಡಿನ ತೀರಾ ಕೆಳಗೆ, ಕೊನೆಯ ನಂಬರಿನ ಅಡಿಯಲ್ಲಿ, ಒಂದು ಸೊನ್ನೆ ಬರೆದರು. ಚಾಕ್‌ಪೀಸನ್ನು ಅವಳ ಕೈಗಿಟ್ಟರು.

“ಇವತ್ತಿಂದ ನಿನ್ನ ಟೈಮ್ ನೀನು ಬರಿ. ದಿನಾ.”

ಸೊನ್ನೆ ಬರೆದಳು: 5:46. ಇದಕ್ಕೆ ತುದಿಗಾಲಲ್ಲಿ ನಿಲ್ಲಬೇಕಾಗಿರಲಿಲ್ಲ.

ಮೇಡಂ ಮಾತು ಇನ್ನೂ ಮುಗಿದಿರಲಿಲ್ಲ. “ಆ ಐದು ಯಾರ ಕೈಬರಹ ಅಂತ ನಂಗೆ ಗೊತ್ತಾಗ್ಬೇಕಿತ್ತು. ಎರಡು ದಿನ ಬೋರ್ಡ್ ನೋಡ್ದೆ, ಕಾಣ್ಲಿಲ್ಲ. ಅಮ್ಮನ ಕಣ್ಣು ಅಡ್ಡ ಬಂತೇನೋ. ಅದಕ್ಕೆ ಐದು ರೌಂಡ್ ನಂದು.”

ಹಾಗೆಂದವರೇ ಹಳೆಯ ನೋವಿದ್ದ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಓಡತೊಡಗಿದರು. ಟೀಮು ಒಂದು ಕ್ಷಣ ಮುಖ ಮುಖ ನೋಡಿಕೊಂಡಿತು. ಆಮೇಲೆ ಯಾರೂ ಹೇಳದೆಯೇ ಎಲ್ಲರೂ ಅವರ ಹಿಂದೆ ಓಡಿದರು, ಬಾತುಕೋಳಿಗಳ ಸಾಲಿನ ಹಾಗೆ. ಎಲ್ಲರಿಗಿಂತ ಹಿಂದೆ ಸೊನ್ನೆ. ಎರಡನೇ ರೌಂಡಿಗೇ ಅವಳಿಗೆ ಏದುಸಿರು ಬಂತು, ಜೊತೆಗೆ ಹಸಿವೂ ಬಂತು. ಎರಡು ದಿನದಿಂದ ಬಾರದೇ ಇದ್ದ ಹಸಿವು ಅದು.

ಶನಿವಾರ ಬೆಂಚಿನ ಮೇಲೆ ಜಿರಾಫೆ ಅಕ್ಕ, ಅಕ್ಕ, ಸೊನ್ನೆ ಸಾಲಾಗಿ ಕೂತರು. ಜಿರಾಫೆ ಅಕ್ಕನ ಅಪ್ಪ ಬೇಲಿಯಾಚೆಯಿಂದ ನಮ್ಮ ಹುಡುಗಿ ಯಾಕೆ ಕೂತಿದ್ದಾಳೆ ಎಂದು ಕೇಳಿದಾಗ ಅವಳೇ ಮೂರು ಬೆರಳು ತೋರಿಸಿ, ಮೂರು ನಿಮಿಷ ಲೇಟ್ ಎಂದು ಕೂಗಿ ಹೇಳಿದಳು. ಅವರು ಹಣೆ ಚಚ್ಚಿಕೊಂಡು ನಕ್ಕರು. ಸೆಕೆಂಡ್ ಹಾಫಿಗೆ ಅವಳು ಓಡಿಹೋದಾಗ ಅವರ ಕೂಗಿಗೆ ಪಕ್ಕದವರು ಕಿವಿ ಮುಚ್ಚಿಕೊಂಡರು. ಬಿಸಿಲು ಹಿತವಾಗಿತ್ತು. ಅಕ್ಕನ ಹೆಗಲಿಗೆ ಒರಗಿದ ಸೊನ್ನೆಯ ರೆಪ್ಪೆ ಭಾರವಾಯಿತು.

ಕಣ್ಣು ಬಿಟ್ಟಾಗ ಮೈದಾನ ಖಾಲಿಯಾಗುತ್ತಿತ್ತು. ಅಮ್ಮ ನೆಟ್ ಬಿಚ್ಚುತ್ತಿದ್ದರು.

“ಗೋಲ್ ಬಿದ್ದಾಗ್ಲೂ ಏಳ್ಲಿಲ್ಲ ನೀನು,” ಎಂದಳು ಅಕ್ಕ.

“ನೀನು ಎದ್ದು ಕುಣೀಲಿಲ್ವಾ?”

“ಹೇಗೆ ಕುಣೀಲಿ? ನೀನು ಒರಗಿದ್ಯಲ್ಲ.”

ಸೊನ್ನೆ ಕಣ್ಣುಜ್ಜಿಕೊಂಡಳು. “ಸೆಲೆಕ್ಟರ್ ಹೋದ್ರಾ?”

“ಹೋದ್ರು.”

“ಬೇಜಾರಾ?”

“ಹೂಂ.” ಅಕ್ಕ ಮರಗಟ್ಟಿದ್ದ ಹೆಗಲನ್ನು ಉಜ್ಜಿಕೊಂಡಳು. “ಆದ್ರೂ ನಿನ್ನೆ ನಿದ್ದೆ ಬಂತು.”

ಸೊನ್ನೆ ಅಕ್ಕನ ಮುಖ ನೋಡಿದಳು. ಅಲ್ಲಿ ಬೇಜಾರು ಇತ್ತು, ಸುಳ್ಳೇನಲ್ಲ. ಆದರೆ ಆ ಮುಖ ಈಗ ಗೋಡೆಯ ಕಡೆ ತಿರುಗಿರಲಿಲ್ಲ. ಗೆದ್ದೆವೋ ಸೋತೆವೋ ಎಂದು ಕೇಳಬೇಕೆನಿಸಿತು. ಅದನ್ನು ಆಮೇಲೆ ಕೇಳಿದರೂ ಆಯಿತು ಎಂದುಕೊಂಡು, ಅಕ್ಕನ ಇನ್ನೊಂದು ಹೆಗಲಿನ ಕಡೆಗೆ ಹೋಗಿ ಕೂತಳು.